ಒಳಗೆ ಹೋಗುವಾಗ ಇದ್ದ ಬಳೆ

ಮೊನ್ನೆ ಭಾನುವಾರ ಮೊಮ್ಮಗಳು ಫೋನು ಹಿಡಕೊಂಡು ನನ್ನ ಮಂಚದ ಮೇಲೆ ಬಂದು ಬಿದ್ದಳು. ಮಂಡ್ಯದಲ್ಲಿ ಕಾಲೇಜಿಗೆ ಹೋಗೋಳು. "ಅಜ್ಜಿ, ನಮ್ಮನೆ ಜಗಲಿ ಬಂದದೆ ನೋಡು" ಅಂದಳು.

ನೋಡಿದೆ. ಮೂವತ್ತು ವರ್ಷದ ಹಿಂದೆ ಟೀವಿಯಲ್ಲಿ ವಾರಕ್ಕೊಂದು ದಿನ ಬರ್ತಿದ್ದ ಧಾರಾವಾಹಿ. ಹಳ್ಳಿ ಸಂಸಾರದ ಕತೆ. ಅದನ್ನ ತೆಗೆದದ್ದು ನಮ್ಮನೆಯಲ್ಲೇ. ಈಗ ಯಾರೋ ಒಬ್ಬ ಅದರಲ್ಲಿರೋ ತಪ್ಪೆಲ್ಲ ಆರಿಸಿ, ಒಂದೊಂದಕ್ಕೂ ನಂಬರು ಹಾಕಿ, ಹಿಂದೆ ತಾನೇ ಮಾತಾಡಿ ನಗ್ತಾ ಜನಕ್ಕೆ ತೋರಿಸ್ತಾ ಇದ್ದಾನೆ. ಲಕ್ಷಾಂತರ ಜನ ನೋಡಿದ್ದಾರಂತೆ. ಬೇರೆ ಕೆಲಸ ಇಲ್ಲದ ಜನ.

ಏಳನೇ ನಂಬರಿನ ತಪ್ಪಿಗೆ ನಮ್ಮ ಜಗಲಿ ಬಂತು. ಜಗಲಿ ಮೇಲೆ ನಮ್ಮತ್ತೆ. ಧಾರಾವಾಹಿಯಲ್ಲಿ ಅವಳು ಮನೆಯ ಅಜ್ಜಿ. ಅವಳ ಮೊಮ್ಮಗಳು, ಅಂದರೆ ಹೀರೋಯಿನ್ನು, ಗಂಡನ ಮನೆಗೆ ಹೊರಟು ನಿಂತಿದ್ದಾಳೆ. ಅಜ್ಜಿ ಮಡಿಲಕ್ಕಿ ತರಕ್ಕೆ ಎದ್ದು ಒಳಗೆ ಹೋಗ್ತಾಳೆ. ಹಣೆ ತುಂಬ ಕುಂಕುಮ, ಎರಡೂ ಕೈ ತುಂಬ ಹಸಿರು ಬಳೆ. ಮೊರ ಹಿಡಕೊಂಡು ಅದೇ ಬಾಗಿಲಿಂದ ಈಚೆ ಬರ್ತಾಳೆ. ಹಣೆ ಬೋಳು, ಕೈ ಬೋಳು. ಆಮೇಲೆ ಮಡಿಲಿಗೆ ಅಕ್ಕಿ ಹಾಕೋ ಕೈ ಮಾತ್ರ ತೋರಿಸ್ತಾರೆ. ಆ ಕೈಯಲ್ಲಿ ಮತ್ತೆ ಬಳೆ. ಕೈಯೂ ಮುದುಕಿ ಕೈಯಲ್ಲ, ಅತ್ತೆ ಮುಂಗೈ ಮೇಲಿದ್ದ ಹಚ್ಚೆನೂ ಇಲ್ಲ.

"ಅಜ್ಜಿ ಒಳಗೆ ಹೋಗಿ ಮೊರ ತರೋ ಅಷ್ಟರಲ್ಲಿ ತಾತ ತೀರ್ಕೊಂಡ್ರಾ?" ಅಂತ ಅವನು ನಕ್ಕ. ನನ್ನ ಮೊಮ್ಮಗಳೂ ಬಿದ್ದು ಬಿದ್ದು ನಕ್ಕಳು.

ಹೌದು, ತೀರ್ಕೊಂಡಿದ್ದರು. ಆ ಏಳನೇ ತಪ್ಪು ಮಾಡಿದೋಳು ನಾನು. ಮೊಮ್ಮಗಳಿಗೆ ಹೇಳಿದೆ. ಬರಿ ಅಂದಳು, ನೋಟ್‌ಬುಕ್ಕೂ ಕೊಟ್ಟಳು. ನಾನು ಹೊಳಲಿನಲ್ಲಿ ಮೂರನೇ ಕ್ಲಾಸಿನವರೆಗೆ ಹೋದೋಳು. ಕೈ ನಿಧಾನ. ಆದರೆ ಕಂಡದ್ದು ಮರೆಯಲ್ಲ, ಅದೊಂದು ರೋಗ ನನಗೆ ಮೊದಲಿಂದ ಇದೆ.

ಧಾರಾವಾಹಿಯೋರು ನಮ್ಮನೆಗೆ ಬಂದದ್ದು ಮನೆ ಹಳೇದು ಅನ್ನೋ ಕಾರಣಕ್ಕೆ. ಮದ್ದೂರಿಂದ ಚಿಕ್ಕರಸಿನಕೆರೆ ಕಡೆಗೆ ಬರೋ ದಾರೀಲಿ ಇರೋ ಊರೆಲ್ಲ ಸುತ್ತಿದ್ದರಂತೆ. ಎಲ್ಲಿ ನೋಡಿದರೂ ತಾರಸಿ ಎದ್ದಿತ್ತು. ನಮಗೆ ತಾರಸಿ ಹಾಕಿಸೋ ಯೋಗ್ಯತೆ ಇರಲಿಲ್ಲ, ಅದಕ್ಕೆ ತೊಟ್ಟಿ, ಕಂಬ, ಹೆಂಚು ಎಲ್ಲ ಹಾಗೇ ಇದ್ದವು. ಅವರು ಅದನ್ನ ಭಾರಿ ಚೆನ್ನಾಗಿದೆ ಅಂದರು. ಮಾವ ಎಲೆಅಡಿಕೆ ಹಾಕ್ಕೊಂಡು, ತಕ್ಕೊಳ್ಳಿ ಅಂದರು. ಅಷ್ಟೇ ಮಾತು.

ಕತೆ ಕರೆಂಟು ಬರೋಕೆ ಮುಂಚಿನ ಕಾಲದ್ದು. ಅದಕ್ಕೆ ಬಲ್ಬು ಬಿಚ್ಚಿದರು. ಮೀಟರು ಬಿಚ್ಚೋ ಹಾಗಿಲ್ಲ, ಅದರ ಮೇಲೆ ಒಂದು ಮೊರ ನೇತು ಹಾಕಿದರು. ಗೋಡೆ ಮಧ್ಯದಲ್ಲಿ ಯಾರು ಮೊರ ನೇತು ಹಾಕ್ತಾರೆ, ಅದರ ಕೆಳಗಿಂದ ತಂತಿ ಬೇರೆ ಬಾಲದ ಹಾಗೆ ಇಳಿಬಿದ್ದಿತ್ತು. ಮೂರು ತಿಂಗಳು ಆ ಮೊರ ಅಲ್ಲೇ ಇತ್ತು. ಕೇರಕ್ಕೆ ನಾನು ಪಕ್ಕದ ಮನೆಯಿಂದ ಮೊರ ಇಸ್ಕೊಂಡು ಬರ್ತಿದ್ದೆ.

ಅವರ ಕೂಡ ಒಬ್ಬಳು ಹೆಂಗಸು ಬರ್ತಿದ್ದಳು. ನಲವತ್ತರ ಮೇಲಿನ ವಯಸ್ಸು, ದಪ್ಪ ಕನ್ನಡಕ, ಕೈಯಲ್ಲಿ ಯಾವಾಗಲೂ ದೊಡ್ಡ ಪುಸ್ತಕ. ಅವಳ ಕೆಲಸ ಬರ್ಕೊಳ್ಳೋದು. ಯಾರು ಯಾವ ಸೀರೆ ಉಟ್ಟಿದ್ದರು, ಚೊಂಬು ಯಾವ ಕೈಯಲ್ಲಿತ್ತು, ಜಡೆ ಮುಂದಿತ್ತಾ ಹಿಂದಿತ್ತಾ. ಯಾಕೆ ಅಂದರೆ, ಒಬ್ಬ ಮನುಷ್ಯ ಹೊಸ್ತಿಲು ದಾಟೋದನ್ನ ಇವತ್ತು ತೆಗೀತಾರೆ, ಕಾಲು ಒಳಗಿಟ್ಟದ್ದನ್ನ ಮುಂದಿನ ತಿಂಗಳು ತೆಗೀತಾರೆ, ಎರಡನ್ನೂ ಒಂದೇ ಅನ್ನೋ ಹಾಗೆ ಜೋಡಿಸ್ತಾರೆ. ಏನಾದರೂ ಹೆಚ್ಚುಕಮ್ಮಿ ಆದರೆ ನೋಡೋರಿಗೆ ಗೊತ್ತಾಗುತ್ತೆ. ಊರಲ್ಲಿ ಅವಳನ್ನ ಬರ್ಕೊಳ್ಳೋ ಅಮ್ಮ ಅಂತಿದ್ದರು.

ಅವಳಿಗೂ ನನಗೂ ಜೊತೆಯಾದದ್ದು ಒಂದು ಎತ್ತಿನಿಂದ. ಬೆಳಗ್ಗೆ ಗಾಡಿ ಹೊರಡೋದು ತೆಗೆದಿದ್ದರು, ಮಧ್ಯಾಹ್ನ ಗಾಡಿ ಊರಾಚೆ ಹೋಗೋದು ತೆಗೀತಿದ್ದರು. ನಾನು ಬುತ್ತಿ ಹೊತ್ತುಕೊಂಡು ಹೋಗ್ತಿದ್ದೋಳು ನಿಂತು, ಎಡಗಡೆ ಎತ್ತು ಬಲಗಡೆಗೆ ಬಂದದೆ ಅಂದೆ. ಅವಳು ಪುಸ್ತಕ ತಿರುವಿದಳು. ಎತ್ತು ಎರಡು ಅಂತ ಬರ್ಕೊಂಡಿದ್ದಳು, ಯಾವುದು ಯಾವ ಕಡೆ ಅಂತ ಬರ್ಕೊಂಡಿರಲಿಲ್ಲ. ಪೇಟೆಯೋಳಿಗೆ ಎರಡು ಬಿಳೀ ಎತ್ತೂ ಒಂದೇ. ನನಗೆ ಚೂಪು ಕೊಂಬು ಬೇರೆ, ಮೊಂಡು ಕೊಂಬು ಬೇರೆ. ಅವತ್ತಿಂದ ಅವಳು ಏನೇ ಆದರೂ ನನ್ನ ಕೇಳೋಳು. ನನ್ನ ಎರಡನೇ ಪುಸ್ತಕ ನೀವು ಅಂತಿದ್ದಳು. ಮದುವೆಯಾಗಿ ಹದಿನೈದು ವರ್ಷದಲ್ಲಿ ನನ್ನ ಒಬ್ಬರೂ ಹೊಗಳಿರಲಿಲ್ಲ. ನಾನು ಉಬ್ಬಿಹೋದೆ.

ಹಾಗಂತ ನಾನು ಹೇಳಿದ್ದೆಲ್ಲ ಅವರು ತಿದ್ದಲಿಲ್ಲ. ಹೀರೋಯಿನ್ನು ಮುದ್ದೆ ಊಟ ಮಾಡೋದು ತೆಗೆದರು. ಆ ಹುಡುಗಿ ಮುದ್ದೆ ಬಾಯಿಗಿಟ್ಟು ಅಗೀತಾಳೆ. ನೋಡಕ್ಕೆ ಬಂದ ಊರಿನ ಜನ ಸೆರಗು ಬಾಯಿಗೆ ಅಡ್ಡ ಹಿಡಿದು ನಗ್ತಿದ್ದರು. ಮುದ್ದೆ ನುಂಗೋದು ಕಣಮ್ಮ ಅಂದೆ. ಗಂಟಲಿಗೆ ಹತ್ತುತ್ತೆ ಅಂತ ಹುಡುಗಿ ಅತ್ತಳು. ಹಾಗೇ ಬಿಟ್ಟರು. ಅವನು ಫೋನಿನಲ್ಲಿ ಅದನ್ನ ತಪ್ಪು ಅಂತ ಹಿಡಿದಿಲ್ಲ. ಅವನೂ ಅಗಿಯೋನೇ ಇರಬೇಕು.

ಇನ್ನೊಂದು ಸಲ, ಕತೆಯಲ್ಲಿ ಹುಡುಗಿಯ ಅಪ್ಪ ಆದೋನು ಮನುಷ್ಯನಿಗಿಂತ ಎತ್ತರ ಬೆಳೆದ ಕಬ್ಬಿನೊಳಗೆ ನುಗ್ಗೋದು ತೆಗೆದರು. ಈಚೆ ಬರೋದನ್ನ ನಾಳಿದ್ದು ತೆಗೀತೀವಿ ಅಂದರು. ಅವತ್ತು ಸಂಜೆ ನಮ್ಮ ಗದ್ದೆಗೆ ಸಕ್ಕರೆ ಫ್ಯಾಕ್ಟರಿಯಿಂದ ಕಟಾವಿನ ಚೀಟಿ ಬಂತು. ಚೀಟಿ ಬಂದ ಮೇಲೆ ಕಬ್ಬು ಯಾರಿಗೆ ಕಾಯುತ್ತೆ, ನನ್ನ ಗಂಡ ಎರಡು ದಿನದಲ್ಲಿ ಕಡಿಸಿ ಲಾರಿಗೆ ತುಂಬಿದ. ಅವರು ಬಂದು ನೋಡಿ ತಲೆ ಮೇಲೆ ಕೈ ಹೊತ್ತರು. ಧಾರಾವಾಹಿಯಲ್ಲಿ ಆ ಮನುಷ್ಯ ಕಬ್ಬಿನ ಗದ್ದೆಗೆ ನುಗ್ಗಿ, ಬರೀ ಕೂಳೆ ಇರೋ ಬಯಲಿಂದ ಈಚೆ ಬರ್ತಾನೆ. ಅದು ಮೂರನೇ ನಂಬರು. ಮುತ್ತತ್ತಿ ಹೊಳೇಲಿ ಹುಡುಗಿ ಸೊಂಟಮಟ್ಟ ನೀರಿಗಿಳಿದು ಒಣಗಿದ ಸೀರೇಲಿ ಎದ್ದು ಬರೋದು ಐದನೇ ನಂಬರು. ಅವತ್ತು ನಾನಿರಲಿಲ್ಲ. ಇದ್ದಿದ್ದರೆ ಹೇಳ್ತಿದ್ದೆ.

ಇನ್ನು ಅತ್ತೆ ವಿಷಯ.

ಅಜ್ಜಿ ಪಾರ್ಟು ಮಾಡಕ್ಕೆ ಬೆಂಗಳೂರಿಂದ ಒಬ್ಬಳು ಬರಬೇಕಿತ್ತಂತೆ, ಬರಲಿಲ್ಲ. ಡೈರೆಕ್ಟ್ರು ನಮ್ಮ ಜಗಲಿ ಮೇಲೆ ಕೂತು ಎಲೆ ಕುಟ್ತಿದ್ದ ಅತ್ತೆಯನ್ನ ನೋಡಿ, ಇವರೇ ಸಾಕು, ಮಾತಿಲ್ಲ, ಸುಮ್ಮನೆ ಇದ್ದರಾಯ್ತು ಅಂದರು. ಅತ್ತೆ ಸುಮ್ಮನಿರೋ ಹೆಂಗಸಲ್ಲ. ಆದರೆ ಆ ಕ್ಯಾಮೆರಾ ಮುಂದೆ ಇದ್ದಳು. ದಿನಾ ಬೆಳಗ್ಗೆ ಎದ್ದು ತಲೆಗೆ ಎಣ್ಣೆ ಹಾಕಿ ಬಾಚಿ, ಕಾಸಗಲ ಕುಂಕುಮ ಇಟ್ಟು, ಅವರು ಕರೆಯೋಕೆ ಮುಂಚೆನೇ ಜಗಲಿ ಮೇಲೆ ಕೂತಿರ್ತಿದ್ದಳು. ಬಳೆ ಅಂದರೆ ಅವಳಿಗೆ ಮೊದಲಿಂದಲೂ ಹುಚ್ಚು. ಬಳೆಗಾರ ಬಂದರೆ ನಮಗೆಲ್ಲ ಕೈಗೆ ಆರು ಸಾಕು ಅನ್ನೋಳು, ತನಗೆ ಮಾತ್ರ ಹನ್ನೆರಡು ಹನ್ನೆರಡು ತೊಡಿಸ್ಕೊಳ್ಳೋಳು. ಅವಳು ರಾಗಿ ಬೀಸಿದರೆ ಪಕ್ಕದ ಬೀದಿಗೆ ಗೊತ್ತಾಗೋದು. ಸುತ್ತ ಊರಿನ ಮದುವೆಗೆಲ್ಲ ಸೋಬಾನೆ ಹೇಳಕ್ಕೆ ಅವಳನ್ನೇ ಕರೀತಿದ್ದರು.

ಅವಳು ನನಗೆ ಒಳ್ಳೇದು ಮಾಡಿದೋಳಲ್ಲ. ಸತ್ತೋರ ಬಗ್ಗೆ ಹಾಗೆ ಬರೀಬಾರದು ಅಂತಾರೆ, ಬರೀತೀನಿ. ಮುದ್ದೆ ಗಂಟಾಗಿದೆ ಅಂತ ತಟ್ಟೆಯಿಂದ ಎತ್ತಿ ಕಲಗಚ್ಚಿನ ಗಡಿಗೆಗೆ ಎಸೆದಿದ್ದಾಳೆ. ಉಗ್ರಾಣದ ಬೀಗದ ಕೈಯನ್ನ ನನ್ನ ಕೈಗೆ ಒಂದು ದಿನ ಕೊಡಲಿಲ್ಲ. ಅದೆಲ್ಲ ಎಲ್ಲರ ಮನೇಲೂ ಇದ್ದದ್ದೇ. ಆದರೆ ನಮ್ಮವ್ವ ಸತ್ತ ದಿನ ಕಣದಲ್ಲಿ ರಾಗಿ ಒಕ್ಕಣೆ ನಡೀತಿತ್ತು. ಹೊಳಲಿಂದ ಆಳು ಬಂದು ಹೇಳಿದ. ಒಕ್ಕಣೆ ಮುಗಿಸಿ ಹೋಗು, ಮೋಡ ಕಟ್ಟದೆ ಅಂದಳು. ಮುಗಿಸಿ ಹೋದೆ. ನಾನು ಹೋಗೋ ಹೊತ್ತಿಗೆ ಮಣ್ಣು ಮಾಡಿದ್ದರು. ಮಳೆ ಅವತ್ತೂ ಬರಲಿಲ್ಲ, ಮಾರನೇ ದಿನವೂ ಬರಲಿಲ್ಲ. ಅದು ನನ್ನ ಹೊಟ್ಟೆಯಲ್ಲಿ ಹಾಗೇ ಕೂತಿತ್ತು.

ಅತ್ತೆ ಎದ್ದು ಒಳಗೆ ಹೋಗೋದನ್ನ ಒಂದು ಮಂಗಳವಾರ ತೆಗೆದರು. ಅವತ್ತು ಬೆಳಗ್ಗೆ ಬೀಸೋ ಕಲ್ಲಿಗೆ ತಗುಲಿ ಬಲಗೈದು ಒಂದು ಬಳೆ ಒಡೆದಿತ್ತು. ಬರ್ಕೊಳ್ಳೋ ಅಮ್ಮ ಅದನ್ನೂ ಎಣಿಸಿ ಬರ್ಕೊಂಡಳು, ಎಡಗೈಗೆ ಹನ್ನೆರಡು, ಬಲಗೈಗೆ ಹನ್ನೊಂದು. ಮೊರ ಹಿಡಕೊಂಡು ಈಚೆ ಬರೋದನ್ನ ಆ ವಾರವೇ ತೆಗೀಬೇಕಿತ್ತು.

ಶುಕ್ರವಾರ ಮಾವ ಗದ್ದೆಗೆ ನೀರು ಕಟ್ಟಕ್ಕೆ ಹೋದರು, ಬದುವಿನ ಮೇಲೆ ಕೂತರು, ಏಳಲಿಲ್ಲ. ಎದೆ ನಿಂತುಹೋಗಿತ್ತು. ಧಾರಾವಾಹಿಯೋರು ಸಾಮಾನು ತೊಟ್ಟಿಯಲ್ಲೇ ಬಿಟ್ಟು ಊರಿಗೆ ಹೋದರು. ಹನ್ನೊಂದನೇ ದಿನ ತಿಥಿ ಆಯ್ತು. ಆಗಿನ ಕಾಲದಲ್ಲಿ ಏನೇನು ಮಾಡಬೇಕೋ ಎಲ್ಲ ಮಾಡಿದರು. ನೆಂಟರು ಹೆಂಗಸರು ಅತ್ತೆಗೆ ಮೈತುಂಬ ಹೂ ಮುಡಿಸಿ, ಕುಂಕುಮ ಮೆತ್ತಿ, ಆಮೇಲೆ ಅದನ್ನೆಲ್ಲ ತೆಗೆದು, ಕೈ ಎರಡನ್ನೂ ಕಲ್ಲ ಮೇಲೆ ಇಡಿಸಿ ಬಳೆ ಒಡೆದರು. ಹನ್ನೆರಡು, ಹನ್ನೊಂದು. ನಾನು ಎಣಿಸಿದೆ, ನನ್ನ ರೋಗ. ಅತ್ತೆ ಮಾವನಿಗೆ ಅತ್ತಿದ್ದಳು, ಬಳೆಗೆ ಅಳಲಿಲ್ಲ. ಆದರೆ ಅವತ್ತಿಂದ ಕೈ ಎರಡನ್ನೂ ಸೆರಗಿನೊಳಗೆ ಇಟ್ಕೊಳ್ಳೋಳು.

ತಿಥಿಯಾಗಿ ವಾರಕ್ಕೆ ಬರ್ಕೊಳ್ಳೋ ಅಮ್ಮ ಎಲ್ಲರಿಗಿಂತ ಮುಂಚೆ ಒಬ್ಬಳೇ ಬಂದಳು. ಅತ್ತೆ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಆಮೇಲೆ ಚೀಲದಿಂದ ಒಂದು ಕಾಗದದ ಪೊಟ್ಟಣ ತೆಗೆದು ಜಗಲಿ ಮೇಲೆ ಇಟ್ಟಳು. ಮದ್ದೂರಿನ ಬಳೆ ಅಂಗಡಿಯೆಲ್ಲ ಹುಡುಕಿ ಅದೇ ಹಸಿರು, ಅದೇ ಚಿನ್ನದ ಚುಕ್ಕಿ, ಅತ್ತೆ ಕೈಯಳತೆದೇ ತಂದಿದ್ದಳು. ಇಪ್ಪತ್ಮೂರು ಬಳೆ.

"ಅಮ್ಮ, ತಪ್ಪು ತಿಳ್ಕೋಬೇಡಿ. ಹತ್ತು ನಿಮಿಷದ ಕೆಲಸ. ನಿಮಗೆ ಮನಸ್ಸಿದ್ದರೆ ಮಾತ್ರ" ಅಂದಳು.

ಜಗಲಿ ಮೇಲೆ ಪಕ್ಕದ ಮನೆಯ ಇಬ್ಬರು ಹೆಂಗಸರಿದ್ದರು. ಅವರಲ್ಲಿ ದೊಡ್ಡೋಳು, ಆಟುಕ್ಕೆ ತಾನೆ, ಹಾಕ್ಕಳ್ಲಿ ಬುಡು, ಅದರಲ್ಲೇನು ಅಂದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಅತ್ತೆ ಸೆರಗಿನೊಳಗಿಂದ ಕೈ ತೆಗೆದು ಪೊಟ್ಟಣದ ಕಾಗದ ಬಿಡಿಸಿದಳು. ಒಂದು ಬಳೆ ಎತ್ತಿ ಬೆಳಕಿಗೆ ಹಿಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಏನಂತೀಯಮ್ಮಿ?"

ಹದಿನೈದು ವರ್ಷದಲ್ಲಿ ಆ ಹೆಂಗಸು ನನ್ನ ಏನಂತೀಯ ಅಂತ ಕೇಳಿದ್ದು ಅದೊಂದೇ ಸಲ. ಬೇಡ ಅಂತ ಹೇಳಿಸ್ಕೊಳ್ಳಕ್ಕೆ ಕೇಳಲಿಲ್ಲ. ಹೂಂ ಅಂತ ಹೇಳಿಸ್ಕೊಳ್ಳಕ್ಕೆ ಕೇಳಿದಳು. ಅದು ನನಗೆ ಗೊತ್ತಿತ್ತು.

"ನಾಚ್ಕೆ ಆಗಕ್ಕಿಲ್ವಾ ಅತ್ತೆ? ಮಾವುನ್ ತಿಥಿ ಆಗಿ ಇನ್ನೂ ತಿಂಗ್ಳು ತುಂಬ್ನಿಲ್ಲ. ಆಗ್ಲೇ ಬಳೆ ತೊಟ್ಕಂಡು ಕುಂತ್ಕತೀಯಾ?" ಅಂದೆ.

ಗಟ್ಟಿಯಾಗಿ ಅಂದೆ. ಪಕ್ಕದ ಮನೆಯೋರಿಗೆ ಕೇಳಲಿ ಅಂತ. ನಾನು ಸಂಪ್ರದಾಯಕ್ಕೆ ಹೆದರಿ ಅಂದೆ ಅಂತ ಆಮೇಲೆ ಎಷ್ಟೋ ವರ್ಷ ನನಗೆ ನಾನೇ ಹೇಳ್ಕೊಂಡಿದ್ದೀನಿ. ಸುಳ್ಳು. ಆ ಗಳಿಗೇಲಿ ನನ್ನ ಕಣ್ಣ ಮುಂದೆ ಇದ್ದದ್ದು ರಾಗಿ ಕಣ.

ನನ್ನ ಗಂಡ ಕೊಟ್ಟಿಗೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸ್ಕೊಂಡ. ಹಸು ಕಡೆಗೆ ತಿರುಗಿಕೊಂಡ.

ಅತ್ತೆ ಬಳೆಯನ್ನ ಪೊಟ್ಟಣಕ್ಕೆ ವಾಪಸು ಇಟ್ಟಳು. ಕಾಗದ ಮಡಿಸಿದಳು. "ಅಂಗಂತೀಯಾ. ಬುಡು ಅಂಗಾರೆ" ಅಂದಳು. ಪೊಟ್ಟಣ ನನ್ನ ಕೈಗೆ ಕೊಟ್ಟು ಒಳಗೆ ಹೋದಳು.

ಮಾರನೇ ದಿನ ಮಿಕ್ಕೋರೆಲ್ಲ ಬಂದರು. ಡೈರೆಕ್ಟ್ರು ರೇಗಾಡಿದರು. ಹೀರೋಯಿನ್ನಿಗೆ ಬೇರೆ ಕಡೆ ಕೆಲಸ, ಮಧ್ಯಾಹ್ನಕ್ಕೆ ಹೊರಡಬೇಕು, ಬಿಟ್ಟರೆ ಇನ್ನು ಸಿಗಲ್ಲ. ಕೊನೆಗೆ ಒಂದು ದಾರಿ ಮಾಡಿದರು. ಅತ್ತೆ ಸೆರಗನ್ನ ಹಣೆ ಮುಚ್ಚೋ ಹಾಗೆ ಹೊದ್ದು, ಕೈಯನ್ನ ಮೊರದ ಅಡೀಲಿ ಮರೆಮಾಡಿಕೊಂಡು ಈಚೆ ಬರೋದು. ಮಡಿಲು ತುಂಬೋ ಕೈ ಮಾತ್ರ ಬೇರೆ ಯಾರದಾದರೂ ತೋರಿಸೋದು. ಯಾರ ಕೈ ಅಂತ ಯೋಚನೆ ಮಾಡ್ತಿದ್ದಾಗ ನಾನೇ ಮುಂದೆ ಬಂದು, ನನ್ನ ಕೈ ಅದೆಯಲ್ಲ ಅಂದೆ.

ಬರ್ಕೊಳ್ಳೋ ಅಮ್ಮ ಕನ್ನಡಕ ತೆಗೆದು ನನ್ನ ನೋಡಿದಳು. "ಕೈ ಬೇರೆ ಅಂತ ಗೊತ್ತಾಗುತ್ತೆ. ಅವರಿಗೆ ಹಚ್ಚೆ ಇದೆ, ನಿಮಗಿಲ್ಲ. ನೀವೇ ಹೇಳಬೇಕಿತ್ತು ಇದನ್ನ. ನಿಮಗೆ ಇಂಥದ್ದೆಲ್ಲ ಕಾಣುತ್ತಲ್ಲ" ಅಂದಳು.

ಯಾರು ನೋಡ್ತಾರೆ ಬುಡಮ್ಮ ಅಂದೆ. ನನಗೆ ಕಂಡಿತ್ತು. ಬಳೆ ತೊಡುವಾಗಲೇ ಕಂಡಿತ್ತು. ಅತ್ತೆದು ದೊಡ್ಡ ಮೂಳೆ. ಆ ಬಳೆ ನನ್ನ ಕೈಗೆ ಸಡಿಲ, ಕೈ ಎತ್ತಿದರೆ ಮೊಣಕೈಗೆ ಹೋಗ್ತಿದ್ದವು.

ಅತ್ತೆ ಮೊರ ಹಿಡಕೊಂಡು ಬಾಗಿಲು ದಾಟಿದಳು. ನಮ್ಮ ಬಾಗಿಲು ಗಿಡ್ಡ, ಬಗ್ಗಿ ಬರಬೇಕು. ಬಗ್ಗುವಾಗ ಸೆರಗು ಚಿಲಕಕ್ಕೆ ಸಿಕ್ಕಿ ಜಾರಿತು. ಅವಳು ಅದನ್ನ ಎಳ್ಕೊಳ್ಳಕ್ಕೆ ಮೊರದಡಿಯಿಂದ ಒಂದು ಕೈ ತೆಗೆದಳು. ಹಣೆನೂ ಕಾಣಿಸ್ತು, ಕೈಯೂ ಕಾಣಿಸ್ತು. ಇನ್ನೊಂದು ಸಲ ತೆಗೆಯೋಣ ಅಂತ ಬರ್ಕೊಳ್ಳೋ ಅಮ್ಮ ಕೇಳಿದಳು. ಕಣ್ಣು ಮಿಟುಕೋ ಹೊತ್ತು, ಯಾರಿಗೂ ತಿಳಿಯಲ್ಲ ಅಂತ ಡೈರೆಕ್ಟ್ರು ಮುಂದೆ ಹೋದರು. ಆಮೇಲೆ ನಾನು ಕೂತೆ. ಅಕ್ಕಿ, ಕೊಬ್ಬರಿ, ಅಚ್ಚು ಬೆಲ್ಲ, ರವಿಕೆ ಕಣ, ಎಲ್ಲ ಆ ಹುಡುಗಿ ಮಡಿಲಿಗೆ ಹಾಕಿದೆ. ಅತ್ತೆ ಎದುರು ಕಂಬಕ್ಕೆ ಒರಗಿ ನಿಂತು ನನ್ನ ಕೈ ನೋಡ್ತಿದ್ದಳು.

ಬಳೆ ವಾಪಸು ಕೊಡಕ್ಕೆ ಹೋದರೆ ಬರ್ಕೊಳ್ಳೋ ಅಮ್ಮ ತಕ್ಕೊಳ್ಳಲಿಲ್ಲ. ನಾನು ತೊಟ್ಟುಕೊಂಡೇ ಇದ್ದೆ. ಪಾತ್ರೆ ಬೆಳಗುವಾಗ, ಬಟ್ಟೆ ಒಗೆಯುವಾಗ ಒಂದೊಂದೇ ಒಡೆದವು. ಮುಗಿಯಕ್ಕೆ ಆರು ತಿಂಗಳು ಹಿಡೀತು. ಅಷ್ಟೂ ದಿನ ಅತ್ತೆ ಕಣ್ಣ ಮುಂದೆ ಓಡಾಡಿದೆ. ಬಿಚ್ಚಿಡೋಣ ಅಂತ ಒಂದು ದಿನವೂ ಅನ್ನಿಸಲಿಲ್ಲ.

ಆಗ ಊರಲ್ಲಿ ಟೀವಿ ಇದ್ದದ್ದು ಮೇಷ್ಟ್ರ ಮನೇಲಿ. ನಮ್ಮ ಜಗಲಿ ಬರೋ ವಾರ ಅರ್ಧ ಊರು ಅಲ್ಲಿ ಸೇರಿತ್ತು. ಅತ್ತೆಯನ್ನ ಬಲವಂತ ಮಾಡಿ ಕರಕೊಂಡು ಹೋಗಿ ಮುಂದೆ ಕೂರಿಸಿದ್ದರು. ಅವಳು ಎದ್ದು ಒಳಗೆ ಹೋಗೋದು ಬಂದಾಗ ಎಲ್ಲರೂ ಅಕೋ ಅಕೋ ಅಂದರು. ಈಚೆ ಬಂದಾಗ ಎಲ್ಲರೂ ತಿರುಗಿ ಅತ್ತೆ ಮುಖ ನೋಡಿದರು. ಹಿಂದಿಂದ ಒಬ್ಬಳು ಮುದುಕಿ, ಮುಂಡೆ ಕೈಲಿ ಮಡ್ಲಕ್ಕಿ ಆಕುಸ್ಬುಟ್ರಲ್ಲ ಅಂದಳು. ಆಮೇಲೆ ನನ್ನ ಕೈ ಬಂತು, ಬಳೆ ಬಂತು. ಅದನ್ನ ಯಾರೂ ನೋಡಲಿಲ್ಲ. ಹಣೆ ನೋಡಿದ ಮೇಲೆ ಕೈ ನೋಡೋರು ಯಾರು.

ಅವತ್ತು ನನಗೆ ಗೊತ್ತಾಯ್ತು. ಬಳೆ ತೊಟ್ಟು ಕುಂಕುಮ ಇಟ್ಟಿದ್ದರೆ ಒಬ್ಬರೂ ಒಂದು ಮಾತು ಆಡ್ತಿರಲಿಲ್ಲ. ಮಾವ ಇರುವಾಗಲೇ ತೆಗೆದದ್ದು ಅಂದ್ಕೊಂಡು ಎದ್ದು ಹೋಗ್ತಿದ್ದರು. ನಾಚ್ಕೆ ಆಗಕ್ಕಿಲ್ವಾ ಅಂತ ನಾನು ಹೇಳಿದ ಮಾತೇ ಜನರ ಬಾಯಿಗೆ ಮಾತು ಕೊಟ್ಟಿತ್ತು.

ಅಷ್ಟಕ್ಕೆ ನಿಂತಿದ್ದರೆ ಮರೆತುಹೋಗೋದು. ಎರಡು ತಿಂಗಳಾದ ಮೇಲೆ ಧಾರಾವಾಹಿಯಲ್ಲಿ ಆ ಹುಡುಗಿ ಗಂಡ ಸತ್ತ. ಕತೆ ಬರೆದೋನು ಯಾವತ್ತೋ ಬರೆದಿಟ್ಟಿದ್ದು ಅದು, ಬರ್ಕೊಳ್ಳೋ ಅಮ್ಮ ನನಗೆ ಮೊದಲೇ ಹೇಳಿದ್ದಳು. ಊರಿನ ಹೆಂಗಸರು ಕೇಳಬೇಕಲ್ಲ. ಆ ಎಳೇ ಹುಡುಗಿ ಟೀವಿಯಲ್ಲಿ ಬಳೆ ಒಡಿಸ್ಕೊಂಡು ಅತ್ತರೆ ಇವರೂ ಸೆರಗು ಕಣ್ಣಿಗೆ ಒತ್ತಿಕೊಂಡು ಅತ್ತರು, ಬೆಳಗ್ಗೆ ಎದ್ದು ನಮ್ಮತ್ತೆ ಮೇಲೆ ಬಿದ್ದರು. ನಲ್ಲಿ ಹತ್ತಿರ ಒಬ್ಬಳು ಮುಖಕ್ಕೇ ಅಂದಳು, "ನೀನ್ ಆಕಿದ್ ಮಡ್ಲಕ್ಕಿ ಕಣವ್ವ, ಆ ಎಣ್ಮಗ ಮುಂಡೆ ಆದ್ಲು."

ನಾನು ಅಲ್ಲೇ ಬಿಂದಿಗೆ ಹಿಡ್ಕೊಂಡು ನಿಂತಿದ್ದೆ. ಆ ಕೈ ನಂದು ಕಣಕ್ಕ ಅಂದಿದ್ದರೆ ಸಾಕಿತ್ತು. ಅಂದಿದ್ದರೆ ಒಂದೋ ನಗ್ತಿದ್ದರು, ಇಲ್ಲ ಅಂದರೆ ಆ ಮಾತು ನನ್ನ ಮೇಲೆ ಬರ್ತಿತ್ತು. ಬಿಂದಿಗೆ ತುಂಬಿತು, ಸೊಂಟಕ್ಕಿಟ್ಟುಕೊಂಡು ಬಂದೆ.

ಅಲ್ಲಿಂದಾಚೆಗೆ ಅತ್ತೆಯನ್ನ ಮದುವೆಗೆ ಸೋಬಾನೆ ಹೇಳಕ್ಕೆ ಕರೆಯೋದು ನಿಂತಿತು. ಗಂಡ ಸತ್ತೋರು ಹಸೆ ಹತ್ತಿರ ಹೋಗಬಾರದು ಅಂತ ಇತ್ತೇ ಹೊರತು ದೂರ ಕೂತು ಹಾಡೋರನ್ನ ಯಾರೂ ಬೇಡ ಅಂತಿರಲಿಲ್ಲ, ನಮ್ಮ ಕಡೆ ಎಷ್ಟೋ ಜನ ಹಾಗೆ ಹಾಡ್ತಿದ್ದರು. ಇವಳನ್ನ ಮಾತ್ರ ಬಿಟ್ಟರು. ಮಳವಳ್ಳಿಯಲ್ಲಿ ಅವಳ ಸ್ವಂತ ತಮ್ಮನ ಮಗಳ ಮದುವೆ. ಲಗ್ನಪತ್ರಿಕೆ ಕೊಡಕ್ಕೆ ಬಂದ ತಮ್ಮ ಕಾಫಿ ಕುಡಿದು, ಅಕ್ಕ, ನೀನು ಆರತಕ್ಷತೆಗೆ ಬಾ ಅಂದ. ಅತ್ತೆ ಆಯ್ತು ಕಣಪ್ಪ ಅಂದಳು. ಎರಡಕ್ಕೂ ಹೋಗಲಿಲ್ಲ. ಅವತ್ತು ಹಿತ್ತಲಲ್ಲಿ ಸೌದೆ ಜೋಡಿಸ್ತಾ ಮೆಲ್ಲಗೆ ಹಾಡ್ಕೊಳ್ತಿದ್ದಳು. ನನ್ನ ಕಾಲ ಸದ್ದು ಕೇಳಿ ನಿಲ್ಲಿಸಿದಳು.

ಒಂದು ಸಲ, ಒಂದೇ ಒಂದು ಸಲ, ಆ ಮಾತು ತಾನಾಗಿ ಎತ್ತಿದಳು. ಚಳಿಗಾಲ, ಇಬ್ಬರೂ ಜಗಲಿ ಮೇಲೆ ಕೂತು ಅವರೆಕಾಯಿ ಸುಲೀತಿದ್ದೆವು. ಬೀದೀಲಿ ಒಬ್ಬಳು ಮದುಮಗಳನ್ನ ಕರಕೊಂಡು ಹೋಗ್ತಿದ್ದೋಳು ನಮ್ಮ ಜಗಲಿ ಕಂಡು ಆ ಕಡೆ ಸಾಲಿಗೆ ಸರಿದು ಹೋದಳು. ಅತ್ತೆ ನೋಡಿದಳು. ನಾನೂ ನೋಡಿದೆ.

"ಆ ಕೈ ನಿಂದು ಅಂತ ನಾನು ಯಾರ್ಗೂ ಏಳ್ನಿಲ್ಲ ಕಣಮ್ಮಿ" ಅಂದಳು. "ನೀನು ಮುತ್ತೈದೆ. ನಿನ್ ಮ್ಯಾಲೆ ಯಾಕೆ ಮಾತು. ನಂಗಾದ್ರೆ ಓಗೋದು ಇನ್ನೇನೈತೆ."

ನಾನು ಅವರೆಕಾಯಿ ಸುಲೀತಿದ್ದೆ. ಸುಲೀತಾನೇ ಇದ್ದೆ. ಸಿಪ್ಪೆ ಗುಡಿಸಿ ಹಸುಗೆ ಹಾಕಿದೆ. ಅವತ್ತು ಸಾರಿಗೆ ಕಾಳು ನೆನೆಸಿ, ಅವಳಿಗೆ ಇಷ್ಟ ಅಂತ ಹಿದುಕಿದ ಬೇಳೆ ಮಾಡಿದೆ. ಉಪ್ಪು ಜಾಸ್ತಿ ಆಗದೆ ಅಂದಳು. ಜಾಸ್ತಿ ಆಗಿತ್ತು.

ಇನ್ನೂ ಎಂಟು ವರ್ಷ ಇದ್ದಳು. ಉಗ್ರಾಣದ ಬೀಗದ ಕೈ ಕೊನೇವರೆಗೂ ಅವಳ ಸೊಂಟದಲ್ಲೇ ಇತ್ತು, ಹೆಣಕ್ಕೆ ನೀರು ಹುಯ್ಯುವಾಗ ನಾನೇ ಬಿಚ್ಚಿಕೊಂಡೆ. ಜಗಳ ಆಡ್ತಿದ್ದೆವು, ದಿನಾ ಆಡ್ತಿದ್ದೆವು. ನಾನು ಒಳ್ಳೆ ಸೊಸೆ ಆದೆ ಅಂತ ಬರೆದರೆ ಸುಳ್ಳಾಗುತ್ತೆ. ನಮ್ಮವ್ವನ ವಿಷಯದಲ್ಲಿ ಅವಳನ್ನ ನಾನು ಈಗಲೂ ಕ್ಷಮಿಸಿಲ್ಲ. ಆದರೆ ಅವಳು ನನಗೆ ಮಾಡಿದ್ದು ಒಂದು ದಿನದ್ದು. ನಾನು ಮಾಡಿದ್ದು ಅವಳು ಇದ್ದಷ್ಟು ದಿನ ನಡೀತು, ನಿಲ್ಲಿಸೋ ಮಾತು ನನ್ನ ಬಾಯಲ್ಲೇ ಇತ್ತು.

ನನ್ನ ಗಂಡ ಹೋಗಿ ಈಗ ಆರು ವರ್ಷ. ತಿಥಿ ದಿನ ಯಾರೋ ಮುದುಕಿ ಬಳೆ ಅಂತ ಬಾಯಿ ತೆಗೆದಳು. ನನ್ನ ಮಗಳು, ನಮ್ಮವ್ವನ ಕೈ ಮುಟ್ಟಿದ್ರೆ ನೋಡಿ ಅಂತ ಎದ್ದು ನಿಂತಳು. ಮುಗೀತು ಅಷ್ಟಕ್ಕೆ. ಕೈಗೆ ಎರಡೆರಡು ಬಳೆ ಈಗಲೂ ಇವೆ. ಮೊಮ್ಮಗಳು ಹಬ್ಬಕ್ಕೆ ಹೊಸದು ತಂದು ತೊಡಿಸ್ತಾಳೆ. ಇಪ್ಪತ್ಮೂರು ವರ್ಷ ಬೀಗದ ಕೈಯನ್ನೂ ಕೇಳದೆ ಇದ್ದೋಳ ಹಾಗೆ ನಾನು ಸುಮ್ಮನೆ ಕೈ ಚಾಚ್ತೀನಿ. ಹೂಂ ಅನ್ನೋರು ಒಬ್ಬರಿದ್ದರೆ ಸಾಕು. ಅಷ್ಟೇ ಸಣ್ಣ ಕೆಲಸ ಅದು.

ಇದೆಲ್ಲ ಹೇಳಿದ ಮೇಲೆ ಮೊಮ್ಮಗಳು ನಗೋದು ನಿಲ್ಲಿಸಿದಳು. ಅತ್ತೆದು ಕುಂಕುಮ ಇಟ್ಟ ಫೋಟೋ ಒಂದೂ ಇಲ್ಲ ನಮ್ಮನೇಲಿ, ಗೋಡೆ ಮೇಲಿರೋದು ಮುದಿವಯಸ್ಸಿನದು, ಬೋಳು ಹಣೆದು. ಬಳೆ ತೊಟ್ಟ ಅತ್ತೆ ಇರೋದು ಆ ಏಳನೇ ತಪ್ಪಿನಲ್ಲಿ ಮಾತ್ರ, ಜಗಲಿಯಿಂದ ಎದ್ದು ಬಾಗಿಲಿಗೆ ಹೋಗೋವರೆಗೆ. ಮೊಮ್ಮಗಳು ಅದನ್ನ ನಾಲ್ಕು ಸಲ ಹಾಕಿದಳು. ಕೆಳಗೆ ಬರೆಯಕ್ಕೆ ಜಾಗ ಇದೆ, ಏನಾದರೂ ಬರೀಲಾ ಅಜ್ಜಿ ಅಂದಳು. ಅತ್ತೆ ಮೇಲೆ ಬಂದ ಮಾತು ಅಳಿಸೋ ಜಾಗ ಈಗ ಅದೊಂದೇ ಉಳಿದಿರೋದು. ನಲ್ಲಿ ಹತ್ತಿರ ಇದ್ದೋರೆಲ್ಲ ಸತ್ತುಹೋಗಿದ್ದಾರೆ.

ಬರಿ ಅಂದೆ. "ಆ ಅಜ್ಜಿ ಬಳೆ ತೊಡಕ್ಕೆ ಒಪ್ಪಿದ್ದಳು. ಬೇಡ ಅಂದೋಳು ಅವಳ ಸೊಸೆ. ಮಡಿಲಕ್ಕಿ ಹಾಕಿದ್ದೂ ಅಜ್ಜಿ ಅಲ್ಲ, ಸೊಸೆ. ತಪ್ಪು ಸೊಸೇದು."

ಅವಳು ಹಾಗೇ ಬರೆದಳು. ಸ್ವಲ್ಪ ಹೊತ್ತಿಗೆ ಟಿಣ್ ಅಂತು. ಯಾರೋ ಉತ್ತರ ಕೊಟ್ಟಿದ್ದರು. ಓದು ಅಂದೆ.

"ಈ ಕಂತಿನಲ್ಲಿ ಸೊಸೆನೇ ಇಲ್ಲವಲ್ಲ, ಸರಿಯಾಗಿ ನೋಡಿ ಅಂತ ಬರೆದವ್ರೆ ಅಜ್ಜಿ" ಅಂದಳು.

"ಕೈ ಅದೆ ನೋಡು ಅಂತ ಬರಿ ಮಗ" ಅಂದೆ. "ಬಳೆ ಸಡಿಲ ಅವೆ ನೋಡು ಅನ್ನು."